ಗಣಕಯಂತ್ರದಲ್ಲಿ ಹಂಚಿಡುವ ವಿದ್ಯೆ

ಕಳೆದ ವರ್ಷ ನಮ್ಮ ಅಜ್ಜಿ ಹಾಡಿದ ಬೀಸುವ ಪದಗಳನ್ನು ಧ್ವನಿಮುದ್ರಿಸಿ, ಪೇಟೆಯ ಸ್ಟುಡಿಯೋ ಒಂದರ ಗಣಕಯಂತ್ರದಲ್ಲಿ ಇರಿಸಿದ್ದೆನು. ಅದರಲ್ಲಿ ಎರಡು ಡಿಸ್ಕುಗಳಿದ್ದುವು. ಒಂದು ದಿನ ಅವುಗಳಲ್ಲೊಂದು ಕೆಟ್ಟಿತು. ಇನ್ನೊಂದು ಚೆನ್ನಾಗಿಯೇ ಇದ್ದಿತು. ಆದರೂ ಒಂದು ಹಾಡೂ ಕೈಗೆ ಮರಳಲಿಲ್ಲ. ಅರ್ಧದಷ್ಟಾದರೂ ಉಳಿಯಬೇಡವೇ? ಈ ಪ್ರಶ್ನೆಯ ಬೆನ್ನುಹತ್ತಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಇಂತಹ ಡಿಸ್ಕು ಸುತ್ತುವ ತಟ್ಟೆ. ನಿಮಿಷಕ್ಕೆ 7200 ಸಲ ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡು ಬೇಕು. ಒಂದು ಸುತ್ತಿನಲ್ಲಿ ಓದಲಾಗುವಷ್ಟೇ ಹೊರಬರುವುದು; ಎಷ್ಟು ಅವಸರಪಡಿಸಿದರೂ ಹೆಚ್ಚು ಬಾರದು. ಆದುದರಿಂದ ಹಲವು ಡಿಸ್ಕುಗಳನ್ನು ಒಟ್ಟಿಗೆ ದುಡಿಸುವ ಉಪಾಯ ಹುಟ್ಟಿತು. ಇದಕ್ಕೆ ಸ್ಟ್ರೈಪಿಂಗ್ ಎಂದು ಹೆಸರು. ಕಡತವನ್ನು, ಉದಾಹರಣೆಗೆ, 64 ಕಿಲೋಬೈಟಿನ ತುಂಡುಗಳನ್ನಾಗಿಸಿ, ಮೊದಲನೆಯದನ್ನು ಒಂದು ಡಿಸ್ಕಿಗೆ, ಎರಡನೆಯದನ್ನು ಇನ್ನೊಂದಕ್ಕೆ, ಮೂರನೆಯದನ್ನು ಮತ್ತೆ ಮೊದಲಿನದಕ್ಕೆ ಹಂಚುವರು. ಎರಡೂ ಏಕಕಾಲಕ್ಕೆ ಓದುವುದರಿಂದ ದೊಡ್ಡ ಕಡತಕ್ಕೆ ಹಿಡಿಯುವ ಕಾಲ ಹೆಚ್ಚುಕಡಮೆ ಅರ್ಧವಾಗುತ್ತದೆ.

ಒಂದು ಗ್ರಂಥದ ಬೆಸ ಪುಟಗಳನ್ನು ಒಬ್ಬನೂ ಸಮ ಪುಟಗಳನ್ನು ಇನ್ನೊಬ್ಬನೂ ನಕಲು ಮಾಡಿ ತಮ್ಮ ತಮ್ಮ ಮನೆಯಲ್ಲಿಟ್ಟರೆಂದು ಭಾವಿಸಿರಿ. ಕೆಲಸ ಬೇಗ ಮುಗಿಯಿತು, ನಿಜ. ಆದರೆ ಒಂದು ಮನೆಗೆ ಬೆಂಕಿ ಬಿದ್ದರೆ ಉಳಿದ ಪುಟಗಳಿಂದ ಯಾವ ಅಧ್ಯಾಯವನ್ನು ಓದಬಹುದು? ನನ್ನ ಹಾಡುಗಳ ಗತಿಯೂ ಇದೇ ಆಯಿತು. ಡಿಸ್ಕುಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಪ್ರತಿಯೊಂದೂ ವರ್ಷವಿಡೀ ಬಾಳುವ ಸಂಭವ ನೂರಕ್ಕೆ 95 ಎಂದಿಟ್ಟುಕೊಂಡರೆ, ನಾಲ್ಕೂ ಬಾಳುವ ಸಂಭವ ಸುಮಾರು 81 ಮಾತ್ರ.

ಪರಿಹಾರವಿಲ್ಲದೆ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅಗ್ಗದ ಡಿಸ್ಕುಗಳನ್ನು ಜೋಡಿಸಿಯೂ ಮಾಹಿತಿಯನ್ನು ಕಾಪಾಡುವ ಕ್ರಮಗಳನ್ನು ವಿವರಿಸಿದರು. ಒಂದು ಕ್ರಮ ಹೀಗಿದೆ: ಗಣಕಯಂತ್ರದ ಬರಹವೆಲ್ಲ 0 ಮತ್ತು 1. ಎರಡು ಡಿಸ್ಕುಗಳ ಅಂಕೆಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1 ಎಂದು ಮೂರನೆಯದರಲ್ಲಿ ಬರೆಯುವುದು. ಮೂರರಲ್ಲಿ ಯಾವುದೊಂದು ಕೆಟ್ಟರೂ ಉಳಿದೆರಡರಿಂದ ಅದನ್ನು ಲೆಕ್ಕಹಾಕಿ ಪಡೆಯಬಹುದು. ಆದರೆ ಎರಡು ಕೆಟ್ಟರೆ, ಅಥವಾ ಯಂತ್ರವೇ ಕಳವಾದರೆ, ಈ ಜಾಣ್ಮೆಯೂ ನಿರರ್ಥಕ.

ಅಜ್ಜಿ ಮತ್ತೊಮ್ಮೆ ಹಾಡಿದಳು. ಅವಳ ನೆನಪಿಗೆ ಬಾರದ ಹಾಡುಗಳು ಹೋಗಿಯೇಹೋದುವು. ಮನೆಯ ಹಿರಿಯರ ದನಿಯನ್ನು ಮುದ್ರಿಸಿಟ್ಟುಕೊಂಡ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ: ಬೇರೊಂದು ಸ್ಥಳದಲ್ಲಿ ಅದರ ಇನ್ನೊಂದು ಪ್ರತಿಯನ್ನು ಇಂದೇ ಮಾಡಿಡಿರಿ.