ಜರ್ಮನ್ ಭಾಷೆಯ ಆರಂಭಶಿಕ್ಷಣದಲ್ಲಿ ವ್ಯಾಕರಣದ ಪ್ರಮಾಣ

ಪರೀಕ್ಷೆಗಾಗಿ ಜರ್ಮನ್ ಕಲಿಯತೊಡಗಿದ ವಿದ್ಯಾರ್ಥಿಗೆ ವ್ಯಾಕರಣವೆಷ್ಟು ಬೇಕು? ಕೋಷ್ಟಕಗಳನ್ನೆಲ್ಲ ಬಾಯಿಪಾಠ ಮಾಡಿಸುವವರುಂಟು. ವ್ಯಾಕರಣವೇ ಬೇಡವೆನ್ನುವವರೂ ಉಂಟು. ಇವೆರಡೂ ಅತಿಯಾದ ನಿಲುವುಗಳು.

ಗಯಟೆ ಸಂಸ್ಥೆಯ ಪ್ರಥಮ ಹಂತವಾದ ಎ1 ಪರೀಕ್ಷೆಯನ್ನು ನೋಡಬಹುದು. ಜರ್ಮನಿಯಲ್ಲಿರುವ ಪತಿ ಅಥವಾ ಪತ್ನಿಯನ್ನು ಸೇರಬಯಸುವವರು ಈ ಮಟ್ಟದ ಭಾಷಾಜ್ಞಾನವನ್ನು ತೋರಿಸಬೇಕೆಂಬ ನಿಯಮವು, ಕೆಲವು ವಿನಾಯಿತಿಗಳೊಡನೆ, 2007ರಲ್ಲಿ ಜಾರಿಗೆ ಬಂದಿತು. ಆದುದರಿಂದ ಇದರ ಫಲಿತಾಂಶವು ಅನೇಕರ ಬಾಳಿಗೆ ಸಂಬಂಧಿಸಿದುದು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳುಳ್ಳ ಈ ಪರೀಕ್ಷೆಯಲ್ಲಿ ತೇರ್ಗಡೆಗೆ 100ಕ್ಕೆ 60 ಅಂಕಗಳು ಬೇಕು. ವ್ಯಾಕರಣಕ್ಕೆ ಪ್ರತ್ಯೇಕ ಪತ್ರಿಕೆಯಿಲ್ಲ. ಬರವಣಿಗೆಯಲ್ಲಿ ಒಂದು ನಮೂನೆಯನ್ನು ತುಂಬಿ, ಸುಮಾರು 30 ಪದಗಳ ಪತ್ರವೊಂದನ್ನು ಬರೆದರಾಯಿತು. ಹೇಳಬೇಕಾದುದು ತಿಳಿಯುವಂತಿರುವುದೇ ಇಲ್ಲಿ ಮುಖ್ಯ.

ಹಾಗೆ ತಿಳಿಯಬೇಕಾದರೆ ಮೂರು ವಿಷಯಗಳು ಗಟ್ಟಿಯಾಗಿರಬೇಕು. ಮೊದಲನೆಯದು ಲಿಂಗ. ಕನ್ನಡದಲ್ಲಿ ಮೇಜು, ದೀಪ, ಪುಸ್ತಕಗಳೆಲ್ಲ ನಪುಂಸಕವೇ. ಜರ್ಮನಿನಲ್ಲಾದರೋ ಮೇಜು ಪುಲ್ಲಿಂಗ (ಡೆರ್ ಟಿಶ್), ದೀಪ ಸ್ತ್ರೀಲಿಂಗ (ಡೀ ಲಾಂಪೆ), ಪುಸ್ತಕ ನಪುಂಸಕ (ಡಾಸ್ ಬೂಖ್). ಅರ್ಥದಿಂದ ಇದನ್ನು ಊಹಿಸಲಾಗದು. ನಾಮಪದವನ್ನು ಅದರ ಉಪಪದದೊಡನೆಯೇ ಕಲಿಯಬೇಕು.

ಎರಡನೆಯದು ವಿಭಕ್ತಿ. ಇದು ಕನ್ನಡಿಗನಿಗೆ ಹೊಸದಲ್ಲ. 'ನಾಯಿ ಮನುಷ್ಯನನ್ನು ಕಚ್ಚುತ್ತದೆ' ಎಂಬುದರಲ್ಲಿ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡದು. 'ಡೆರ್ ಹುಂಟ್ ಬೈಸ್ಟ್ ಡೇನ್ ಮಾನ್' ಎಂಬುದನ್ನು 'ಡೇನ್ ಮಾನ್ ಬೈಸ್ಟ್ ಡೆರ್ ಹುಂಟ್' ಎಂದರೂ ಹಾಗೆಯೇ. ಭೇದವಿಷ್ಟೇ: ನಮ್ಮಲ್ಲಿ ಪ್ರತ್ಯಯವು ನಾಮಪದದ ಕೊನೆಗೆ ಸೇರುತ್ತದೆ, ಅಲ್ಲಿ ಮುಖ್ಯವಾಗಿ ಉಪಪದವೇ ಬದಲಾಗುತ್ತದೆ. ಲಿಂಗವನ್ನರಿಯದವನಿಗೆ ವಿಭಕ್ತಿಯೂ ದಕ್ಕದೆಂಬುದು ಇದರಿಂದ ಸ್ಪಷ್ಟ.

ಮೂರನೆಯದು ಕ್ರಿಯಾಪದದ ಸ್ಥಾನ. ಸಾಧಾರಣ ಹೇಳಿಕೆಯಲ್ಲಿ ಅದು ಎರಡನೆಯ ಸ್ಥಾನದಲ್ಲಿರುತ್ತದೆ. 'ಬೇಕು', 'ಬಲ್ಲ' ಮೊದಲಾದ ಅರ್ಥದ ಸಹಾಯಕ ಕ್ರಿಯಾಪದವು ಬಂದಾಗ ಅದು ಎರಡನೆಯ ಸ್ಥಾನವನ್ನು ಹಿಡಿದು, ಮುಖ್ಯ ಕ್ರಿಯಾಪದವು ಕನ್ನಡದಲ್ಲಿಯಂತೆ ವಾಕ್ಯಾಂತ್ಯಕ್ಕೆ ಸರಿಯುತ್ತದೆ.

ಷಷ್ಠೀ ವಿಭಕ್ತಿ, ವಿಶೇಷಣಗಳ ಪ್ರತ್ಯಯಗಳು, ಸಂಭಾವನಾರ್ಥಕ ರೂಪಗಳು ಮುಂದಿನ ಹಂತಕ್ಕೆ ಇರಲಿ. ಆರಂಭದಲ್ಲಿ ವ್ಯಾಕರಣವು ಅಲ್ಪವಾಗಿರಬಹುದು. ಆದರೆ ಕಲಿತ ಅಲ್ಪವು ನಾಲಗೆಯ ಮೇಲೆ ನಿಲ್ಲಬೇಕು.