ಪಲ್ಪಿಂಗ್ ಪುಸ್ತಕವನ್ನು ಮರಳಿ ಓದಿದಾಗ



ನಮ್ಮ ತೋಟಗಳಲ್ಲಿ ಪುಸ್ತಕಗಳಿಗೇನೂ ಬರವಿಲ್ಲ. ಮಳೆಯನ್ನು ಇಂಚು–ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತೇವೆ. ಆಳುಗಳ ಹಾಜರಿ, ಕುಯ್ಲಿನ ತೂಕ, ಪಲ್ಪಿಂಗ್ ಆದ ವೇಳೆ ಇವನ್ನೂ ಬರೆಯುತ್ತೇವೆ. ಬರೆದದ್ದನ್ನು ಮರಳಿ ಓದುವವರು ಮಾತ್ರ ವಿರಳ. ನಾನೂ ಅಂಥವರಲ್ಲಿ ಒಬ್ಬನಾಗಿದ್ದೆ. ಅದರಿಂದ ನನ್ನಿಂದಾದ ಒಂದು ಅನ್ಯಾಯವನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಯಾರಿಗಾದರೂ ಉಪಯೋಗವಾದೀತು.

ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜಕ್ಕೆ ಅಂಟಿದ ಲೋಳೆಯು ತೊಟ್ಟಿಯಲ್ಲಿ ಹುದುಗಿ ಬಿಡಬೇಕು. ದೋಸೆ ಹಿಟ್ಟು ಹುಳಿ ಬರುವುದು, ಬಾರ್ಲಿಯ ರಸ ಬಿಯರ್ ಆಗುವುದು, ನಮ್ಮ ತೊಟ್ಟಿಯ ಲೋಳೆ ಕರಗುವುದು ಎಲ್ಲವೂ ಸೂಕ್ಷ್ಮಜೀವಿಗಳ ಕೆಲಸವೇ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು, ರೊಬಸ್ಟಾಕ್ಕೆ ಇನ್ನೂ ಹೆಚ್ಚು. ಚಳಿ ಜೋರಾದರೆ ತಡವಾಗುತ್ತದೆ. ಒಂದು ಹಿಡಿ ಬೀಜವನ್ನು ತೊಳೆದು ಹಿಸುಕಿದಾಗ ಜಾರದೆ ಹರಳಿನಂತೆ ಗರಗರ ಎಂದರೆ ಹದ ಬಂದಂತೆ. ಹದಕ್ಕೆ ಮೊದಲೇ ತೆಗೆದರೆ ಉಳಿದ ಲೋಳೆ ತೇವ ಹೀರಿ ಮುಗ್ಗು ಹಿಡಿಯುತ್ತದೆ. ಹದ ಮೀರಿದರೆ ಬೀಜಕ್ಕೆ ಹುಳಿ, ಕೊಳೆತ ವಾಸನೆ ಬರುತ್ತದೆ. ಇಂಥ ಬೀಜ ಸ್ವಲ್ಪವೇ ಬೆರೆತರೂ ಬಟ್ಟಲಿನ ಕಾಫಿ ಹೇಳಿಬಿಡುತ್ತದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರ ಹೊತ್ತಿಗೆ ಕೊನೆಗೊಂಡ ಮೇಲೆ ನಮ್ಮ ಮಾಲಿನ ಗುಣಕ್ಕೂ ದೋಷಕ್ಕೂ ನಾವೇ ಹೊಣೆ.

ನಾಲ್ಕು ಹಂಗಾಮುಗಳಿಂದ ನನ್ನ ಅರೇಬಿಕಾ ಪಾರ್ಚ್‌ಮೆಂಟಿನ ಕೆಲವು ಲಾಟುಗಳಿಗೆ ವಾಸನೆಯ ದೂರು ಬರುತ್ತಿತ್ತು. ಕೊನೆಗೆ ಒಬ್ಬ ವ್ಯಾಪಾರಿ ಒಂದು ಲಾಟನ್ನು ಹಿಂದಕ್ಕೇ ಕಳಿಸಿದರು. ತೊಟ್ಟಿ ನೋಡಿಕೊಳ್ಳುವವನ ಅಲಕ್ಷ್ಯವೆಂದು ನಾನು ತೀರ್ಮಾನಿಸಿದೆ. ಹದಿನೆಂಟು ವರ್ಷ ನಮ್ಮಲ್ಲಿ ದುಡಿದವನನ್ನು ನಾಲ್ಕು ಜನರ ಮುಂದೆ ಬೈದು ಕಳೆ ಕೆಲಸಕ್ಕೆ ಹಾಕಿದೆ. ಅವನು ಏನೂ ಮಾತಾಡಲಿಲ್ಲ.

ಹಿಂದಿನ ವರ್ಷದ ಮಳೆಗಾಲದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ವಿಜಯನಗರದಲ್ಲಿರುವ ಮಗಳ ಮನೆಯಲ್ಲಿದ್ದೆ. ಲೆಕ್ಕಪತ್ರದ ಚೀಲದಲ್ಲಿ ಪಲ್ಪಿಂಗ್ ಪುಸ್ತಕಗಳೂ ಬಂದಿದ್ದವು. ನಾನು ಓದುವಂತಿರಲಿಲ್ಲ, ಮಗಳೇ ಓದಿ ಹೇಳಿದಳು. ಕೆಟ್ಟ ಲಾಟುಗಳು ಏಳು. ಅವುಗಳಲ್ಲಿ ಐದು ಡಿಸೆಂಬರ್–ಜನವರಿಯವು. "ಚಳಿಯದೇ ಕಾರಣ" ಎಂದೆ. ಅವಳು ಒಳ್ಳೆಯ ಲಾಟುಗಳನ್ನೂ ಎಣಿಸಿದಳು. ಒಟ್ಟು 58 ಲಾಟುಗಳಲ್ಲಿ 43 ಆ ಎರಡು ತಿಂಗಳಿನವೇ! ಹೆಚ್ಚು ಕುಯ್ಲು ಆಗುವ ತಿಂಗಳಲ್ಲಿ ಹೆಚ್ಚು ದೋಷ ಕಂಡರೆ ಅದು ಚಳಿಯ ತಪ್ಪಲ್ಲ, ಬರೀ ಎಣಿಕೆಯ ಮಾತು.

ಓದುತ್ತಾ ಹೋದಂತೆ ಅವಳು ಒಂದು ಕಡೆ ನಿಂತಳು. "ಅಪ್ಪ, ಈ ಲಾಟಿಗೆ ಎರಡು ತಾರೀಖು ಬರೆದಿದೆಯಲ್ಲ? ನಿನ್ನೆಯ ಇಡ್ಲಿ ಹಿಟ್ಟಿಗೆ ಇವತ್ತು ರುಬ್ಬಿದ್ದನ್ನು ಸುರಿದರೆ ಯಾವುದರ ಗಂಟೆ ಲೆಕ್ಕ ಹಿಡಿಯುವುದು?"

ಹಣ್ಣು ಕಡಿಮೆ ಬಂದ ದಿನ ತೊಟ್ಟಿ ಅರ್ಧ ಮಾತ್ರ ತುಂಬುತ್ತದೆ. ಮರುದಿನದ ಬೀಜವನ್ನೂ ಅದಕ್ಕೇ ಸೇರಿಸಿ ಒಟ್ಟಿಗೆ ತೊಳೆಯುತ್ತಿದ್ದೆವು. ಹಾಗೆ ಎರಡು ದಿನದ ಬೀಜ ಬೆರೆತ ಲಾಟುಗಳು ಒಂಬತ್ತು, ಅವುಗಳಲ್ಲಿ ಆರು ಕೆಟ್ಟಿದ್ದವು. ಬೆರೆಸದ 49ರಲ್ಲಿ ಕೆಟ್ಟಿದ್ದು ಒಂದೇ. ಹೊಸ ಬೀಜ ಹದಕ್ಕೆ ಬರುವಷ್ಟರಲ್ಲಿ ಹಳೆಯದು ಹದ ಮೀರಿರುತ್ತಿತ್ತು. ತೊಟ್ಟಿ ತುಂಬಿದ ಮೇಲೆಯೇ ತೊಳೆಯಿರಿ, ನೀರು–ಆಳು ಉಳಿಯುತ್ತದೆ ಎಂದು ಅಪ್ಪಣೆ ಮಾಡಿದವನು ನಾನೇ.

ಆದರೂ ಒಂಬತ್ತು ಲಾಟಿನ ಸಾಕ್ಷಿ ಸಾಲುವುದೆ? ಈ ಪ್ರಶ್ನೆ ಹೊಸದಲ್ಲ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ ಎಂಬವರಿಗೂ ಇದೇ ತೊಡಕಿತ್ತು. ಕೆಲವೇ ಪರೀಕ್ಷೆಗಳ ಫಲವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬ ಲೆಕ್ಕದ ವಿಧಾನವನ್ನು ಅವರು 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಇಂದು ಜಗತ್ತಿನ ಕೃಷಿ ಸಂಶೋಧನೆಯಲ್ಲೆಲ್ಲ ಅದು ಬಳಕೆಯಲ್ಲಿದೆ. ನಮಗೆ ಆ ಗಣಿತ ಬೇಕಿಲ್ಲ, ಅದರ ಹಿಂದಿನ ಎಚ್ಚರ ಸಾಕು: ಪುಸ್ತಕ ತೋರಿಸುವುದು ಅನುಮಾನವನ್ನು, ಅದನ್ನು ಮುಂದಿನ ಹಂಗಾಮಿನಲ್ಲಿ ಪರೀಕ್ಷಿಸಿ ನೋಡಬೇಕು.

ಹಾಗೆಯೇ ಮಾಡಿದೆವು. ಬೇರೇನನ್ನೂ ಬದಲಿಸದೆ, ಎರಡು ದಿನದ ಬೀಜ ಬೆರೆಸುವುದನ್ನು ಮಾತ್ರ ನಿಲ್ಲಿಸಿದೆವು. ಕಡಿಮೆ ಹಣ್ಣು ಬಂದ ದಿನಕ್ಕೆಂದು ದೊಡ್ಡ ತೊಟ್ಟಿಯ ಪಕ್ಕದಲ್ಲಿ ಚಿಕ್ಕದೊಂದನ್ನು ಕಟ್ಟಿಸಿದೆ. ತೀರಾ ಅಲ್ಪವಾದರೆ ಹಣ್ಣನ್ನೇ ಚೆರಿಯಾಗಿ ಒಣಗಿಸಿದೆವು. ಆ ಹಂಗಾಮಿನಲ್ಲಿ ವಾಸನೆಯ ದೂರು ಬರಲಿಲ್ಲ. ಒಂದು ವರ್ಷದ ಫಲ ನೋಡಿ ಬೀಗುವಂತಿಲ್ಲ, ಪುಸ್ತಕ ಮುಂದುವರಿದಿದೆ.

ಸದಸ್ಯರು ಪ್ರತಿ ಲಾಟಿಗೂ ಇಷ್ಟನ್ನಾದರೂ ಬರೆದಿಡಬೇಕೆಂದು ವಿನಂತಿ: ಕುಯ್ದ ದಿನ, ಹಣ್ಣಿನ ತೂಕ, ಪಲ್ಪರ್ ಓಡಿಸಿದ ವೇಳೆ, ತೊಳೆದ ವೇಳೆ, ಬೆರೆಸಿದ್ದುಂಟೆ, ಕಣದಲ್ಲಿ ಒಣಗಿದ ದಿನಗಳು, ಕೊನೆಗೆ ಮಾಲಿನ ಗುಣ. ಕೆಟ್ಟದ್ದನ್ನು ಮಾತ್ರವಲ್ಲ, ಒಳ್ಳೆಯದನ್ನೂ ಬರೆಯಿರಿ. ಒಳ್ಳೆಯದರ ಲೆಕ್ಕವಿಲ್ಲದೆ ಕೆಟ್ಟದ್ದರ ಕಾರಣ ತಿಳಿಯದು. ಅಡಿಕೆ ಬೆಳೆಗಾರರಿಗೂ ಇದೇ ಮಾತು ಸಲ್ಲುತ್ತದೆ. ಬೋರ್ಡೋ ಹೊಡೆದ ತಾರೀಖನ್ನು ಮಳೆಯ ಪುಸ್ತಕದ ಪಕ್ಕದಲ್ಲಿಟ್ಟು, ಕೊಳೆ ಬಂದ ವರ್ಷ, ಬಾರದ ವರ್ಷ ಎರಡನ್ನೂ ಹೋಲಿಸಿ ನೋಡಬೇಕು.

ಊರಿಗೆ ಮರಳಿದವನೇ ಅವನ ಮನೆಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ. "ತೊಟ್ಟಿ ತುಂಬಲಿ ಅಂದಿದ್ದು ತಾವೇ ಅಲ್ಲವೇ ಅಯ್ಯಾ" ಎಂದಷ್ಟೇ ಅಂದ. ಈಗ ಮತ್ತೆ ತೊಟ್ಟಿ ಅವನ ಕೈಯಲ್ಲೇ ಇದೆ. ಪುಸ್ತಕದಲ್ಲಿ ಹೊಸದಾಗಿ ಇನ್ನೊಂದು ಕಲಂ ಎಳೆದಿದ್ದೇವೆ: 'ಯಾರ ಅಪ್ಪಣೆ.'

— ಕಾರ್ಯದರ್ಶಿ