ಗುಡ್ಡೆಯಲ್ಲಿ ಸೌರಫಲಕ: ದನ ಮೇಯುವ ಹಕ್ಕನ್ನು ಕಳೆದುಕೊಳ್ಳಬೇಡಿ



ಮುಂಗಾರು ಹಿಡಿದು ಗುಡ್ಡೆ ಹಸಿರಾಯಿತೆಂದರೆ ದನಗಳನ್ನು ಮೇಯಲು ಬಿಡುವುದು ನಮ್ಮ ಕರಾವಳಿಯ ಹಳೆಯ ಪದ್ಧತಿ. ಕುಮ್ಕಿ ಮತ್ತು ಗೋಮಾಳಗಳಿಂದ ಹಟ್ಟಿಗೆ ಮೇವು, ಸೊಪ್ಪು, ತರಗೆಲೆ ಎಲ್ಲವೂ ಬರುತ್ತವೆ. ವರ್ಗ ಜಾಗವಿಲ್ಲದವನೂ ಎರಡು ದನ ಕಟ್ಟಿ ಹಾಲಿನ ಸೊಸೈಟಿಗೆ ಹಾಲು ಹಾಕುವುದು ಈ ಬಯಲುಗಳ ಬಲದಿಂದಲೇ. ಬನ್ನಂಜೆಯಂಥ ಊರುಗಳು ಉಡುಪಿ ನಗರದೊಳಗೇ ಸೇರಿಹೋಗಿವೆ. ಕಾಪು, ಕಾರ್ಕಳದ ಕಡೆ ಉಳಿದಿರುವ ಬಯಲುಗಳಿಗೆ ಆದುದರಿಂದ ಬೆಲೆ ಹೆಚ್ಚು.

ಇಂಥ ಜಾಗಗಳನ್ನು ಸೌರವಿದ್ಯುತ್ತಿಗೂ ಬಳಸಬಹುದು. 2019ರಲ್ಲಿ ಕೇಂದ್ರ ಸರಕಾರ ತಂದ ಪಿಎಂ-ಕುಸುಮ್ ಯೋಜನೆಯಲ್ಲಿ ಬಂಜರು ಮತ್ತು ಪಾಳು ಭೂಮಿಯ ಜೊತೆಗೆ ಹುಲ್ಲುಗಾವಲಿನಲ್ಲಿಯೂ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕಗಳಿಗೆ ಅವಕಾಶ ಕೊಡಲಾಯಿತು. ಒಂದು ಮೆಗಾವಾಟ್‌ಗೆ ಸುಮಾರು 4ರಿಂದ 5 ಎಕರೆ ಜಾಗ ಬೇಕು. ವಿದ್ಯುತ್ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಆ ಐದು ಎಕರೆಗೆ ಬೇಲಿ ಬಿದ್ದರೆ ದನ ಎಲ್ಲಿ ಮೇಯಬೇಕು? ಇದನ್ನು ಮೊದಲೇ ಯೋಚಿಸುವುದು ಅಗತ್ಯ.

ಪಾವಗಡದ ಪಾಠ

ನಮ್ಮ ರಾಜ್ಯದ ಅತಿ ದೊಡ್ಡ ಉದಾಹರಣೆ ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನದು. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿದೆ. ಅದರ ಉದ್ಘಾಟನೆ 2018ರಲ್ಲಿ ಆಯಿತು. ಭೂಮಿಯನ್ನು ಕೊಂಡುಕೊಳ್ಳದೆ ಗೇಣಿಗೆ ಪಡೆದದ್ದು ಅಲ್ಲಿಯ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ ಎಂದು ಗೊತ್ತುಮಾಡಲಾಯಿತು. ಬರಪೀಡಿತ ಸೀಮೆಯ ಭೂಮಾಲೀಕರಿಗೆ ಇದು ಖಚಿತ ವರಮಾನ.

ಆದರೆ ಈ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಪಾಳು ಬಯಲಲ್ಲಿ ಕುರಿ, ದನ ಮೇಯಿಸುತ್ತಿದ್ದವರಿಗೂ ಗೇಣಿಯಲ್ಲಿ ಪಾಲಿಲ್ಲ. ಬೇಲಿ ಬಿದ್ದ ಮೇಲೆ ಮೇವಿನ ನೆಲವೂ ಹೋಯಿತು. ಜಾಗ ಎಲ್ಲರಿಗೂ ಸೇರಿದ್ದಾದರೆ ಈ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಮೇಯಿಸುವ ಯಾರ ಹೆಸರೂ ಪಹಣಿಯಲ್ಲಿ ಇರುವುದಿಲ್ಲ.

ಎರಡೂ ಸಾಧ್ಯವೇ?

ಸಾಧ್ಯ. ಫಲಕಗಳನ್ನು ಎತ್ತರಿಸಿ ಕೆಳಗೆ ಕೃಷಿ ಮಾಡಬಹುದೆಂದು ಜರ್ಮನಿಯ ವಿಜ್ಞಾನಿ ಅಡಾಲ್ಫ್ ಗೋಟ್ಸ್‌ಬರ್ಗರ್ 1980ರ ದಶಕದ ಆರಂಭದಲ್ಲಿಯೇ ಸೂಚಿಸಿದ್ದರು. ಈಗ ಅನೇಕ ದೇಶಗಳಲ್ಲಿ ಫಲಕಗಳ ಅಡಿಯಲ್ಲಿ ಕುರಿ ಮೇಯಿಸುತ್ತಾರೆ. ದನಗಳಿಗೆ ಇನ್ನೂ ಎತ್ತರ ಬೇಕು. ಅಮೇರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಮೋರಿಸ್ ಸಂಶೋಧನಾ ಕೇಂದ್ರದಲ್ಲಿ 8ರಿಂದ 10 ಅಡಿ ಎತ್ತರದ ಫಲಕಗಳ ನೆರಳಿನಲ್ಲಿ ಹಾಲಿನ ದನಗಳನ್ನು 2019ರ ಬೇಸಗೆಯಲ್ಲಿ ಬಿಟ್ಟು ನೋಡಿದರು. ಮಧ್ಯಾಹ್ನ ಬಿಸಿಲಿನಲ್ಲಿದ್ದ ದನ ನಿಮಿಷಕ್ಕೆ ಸುಮಾರು 78 ಬಾರಿ ಉಸಿರಾಡಿದರೆ ನೆರಳಿನದು ಸುಮಾರು 66 ಬಾರಿ. ಹಾಲಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಹಾಲು ಹೆಚ್ಚುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ದನಕ್ಕೆ ಸೆಕೆಯ ಬಾಧೆ ಕಡಿಮೆಯಾಗುವುದಂತೂ ನಿಜ.

ನಮ್ಮ ಮಲೆನಾಡು ಗಿಡ್ಡ ತಳಿಯ ದನದ ಎತ್ತರ ಸುಮಾರು ಮೂರು ಅಡಿ. ಅದಕ್ಕೆ ಏಳು ಅಡಿ ಎತ್ತರದ ಫಲಕ ಧಾರಾಳ ಸಾಕು. ಮಿಶ್ರತಳಿಯ ದೊಡ್ಡ ದನಗಳೂ ಬರುವುದಾದರೆ ಎಂಟು ಅಡಿ ಇರಲಿ. ಆಡುಗಳನ್ನು ಮಾತ್ರ ಬಿಡಬಾರದು. ಅವು ಫಲಕದ ಮೇಲೆ ಹತ್ತುತ್ತವೆ, ತಂತಿಯನ್ನೂ ಕಚ್ಚುತ್ತವೆ.

ಒಪ್ಪಿಗೆಗೆ ಮುನ್ನ ಕೇಳಬೇಕಾದದ್ದು

1. ಫಲಕದ ಕೆಳ ಅಂಚು ನೆಲದಿಂದ ಎಷ್ಟು ಅಡಿ ಇರುವುದೆಂದು ಕರಾರಿನಲ್ಲಿ ಬರೆಸಿರಿ. ಎತ್ತರಿಸಿದರೆ ಕಬ್ಬಿಣದ ಖರ್ಚು ಹೆಚ್ಚುತ್ತದೆ. ಗುಡ್ಡೆಯ ಗಾಳಿಗೆ ಕಂಬವೂ ಅಡಿಪಾಯವೂ ಗಟ್ಟಿಯಾಗಿರಬೇಕು. ಉಪ್ಪುಗಾಳಿಯಿಂದ ತುಕ್ಕು ಹಿಡಿಯುವುದರಿಂದ ಸತುವಿನ ಲೇಪ ಅವಶ್ಯ.

2. ತಂತಿಗಳೆಲ್ಲ ಕೊಳವೆಯೊಳಗೆ ಇರಬೇಕು. ಪರಿವರ್ತಕ ಮತ್ತು ಇತರ ಯಂತ್ರಗಳಿಗೆ ಪ್ರತ್ಯೇಕ ಬೇಲಿ ಹಾಕಿಸಿರಿ. ಮಳೆಗಾಲದಲ್ಲಿ ಒದ್ದೆ ನೆಲ, ಸಿಡಿಲು ಎರಡೂ ಇರುವ ನಮ್ಮಲ್ಲಿ ಭೂಸಂಪರ್ಕದ ತಪಾಸಣೆ ಪ್ರತಿವರ್ಷ ಮುಂಗಾರಿಗೆ ಮೊದಲು ಆಗತಕ್ಕದ್ದು.

3. ದನದ ದಾರಿ ಮತ್ತು ನೀರಿನ ಹೊಂಡಕ್ಕೆ ಹೋಗುವ ದಾರಿ ತೆರೆದಿರಬೇಕು. ಗೇಟಿನ ಕೀಲಿ ಊರಿನವರ ಕೈಯಲ್ಲಿಯೂ ಒಂದಿರಲಿ.

4. ಕಳೆನಾಶಕ ಸಿಂಪಡಿಸುವುದನ್ನು ಕರಾರಿನಲ್ಲಿಯೇ ನಿಷೇಧಿಸಿರಿ. ದನ ಮೇಯ್ದರೆ ಅದರ ಅಗತ್ಯವೂ ಬೀಳುವುದಿಲ್ಲ.

5. ಸಾಲುಗಳ ನಡುವೆ ಬಿಸಿಲು ಬೀಳುವಷ್ಟು ಅಂತರವಿರಲಿ. ತೆಂಗಿನ ತೋಟದ ನೆರಳಿನಲ್ಲಿ ಬರುವ ಗಿನಿ ಹುಲ್ಲು, ಮಣ್ಣಿರುವ ಕಡೆ ಇಲ್ಲಿಯೂ ಬರುತ್ತದೆ. ಫಲಕದ ಅಂಚಿನಿಂದ ಸುರಿಯುವ ಮಳೆನೀರು ಮಣ್ಣನ್ನು ಕೊಚ್ಚದಂತೆ ಆ ಸಾಲಿನಲ್ಲಿ ಹುಲ್ಲು ಹಿಡಿಸುವುದು ಒಳ್ಳೆಯದು.

6. ಜಾಗವನ್ನು ಮೂರು ನಾಲ್ಕು ಪಾಲು ಮಾಡಿ ಸರದಿಯಂತೆ ಮೇಯಿಸಿರಿ. ಮೊದಲ ಮಳೆಯ ಅನಂತರ ಹುಲ್ಲು ಬೇರೂರುವವರೆಗೆ ನಾಲ್ಕೈದು ವಾರ ದನ ಬಿಡಬೇಡಿ.

ಫಲಕ ಎತ್ತರಿಸಲು ಕಂಪೆನಿ ಒಪ್ಪದಿದ್ದರೆ ಸಾಲುಗಳ ನಡುವಿನ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕನ್ನಾದರೂ ದನ ಸಾಕುವವರಿಗೆ ಉಚಿತವಾಗಿ ಬರೆಸಿಕೊಳ್ಳಬೇಕು. ಅದನ್ನೂ ಕೊಡದವರಿಗೆ ಮೇವಿನ ಜಾಗವನ್ನು ಬಿಡದಿರುವುದೇ ಲೇಸು. ಕಟ್ಟಡಗಳ ಮಾಡು, ಕಲ್ಲು ತೆಗೆದ ಹಾಳು ಕೋರೆಯ ಬದಿಗಳು ಇಂಥ ಘಟಕಗಳಿಗೆ ಇದ್ದೇ ಇವೆ.

ಕಾನೂನು ಏನು ಹೇಳುತ್ತದೆ?

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 71ನೇ ಕಲಮಿನ ಪ್ರಕಾರ ಸರಕಾರಿ ಜಾಗವನ್ನು ಊರ ದನಗಳ ಉಚಿತ ಮೇವಿಗೆಂದು ಕಾದಿರಿಸಬಹುದು. ಹಾಗೆ ಕಾದಿರಿಸಿದ್ದನ್ನು ಜಿಲ್ಲಾಧಿಕಾರಿಯ ಮಂಜೂರಾತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. 1966ರ ನಿಯಮಗಳಲ್ಲಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಎಂಬ ಲೆಕ್ಕವಿದೆ. ಊರಿನ ಸಾಮೂಹಿಕ ಜಾಗಗಳ ಅತಿಕ್ರಮಣವನ್ನು ತೆರವುಗೊಳಿಸಿ ಅವನ್ನು ಊರಿಗೇ ಮರಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿದೆ.

ಆದುದರಿಂದ ಈಗಲೇ ಒಂದು ಕೆಲಸ ಮಾಡಿರಿ. ಊರಿನಲ್ಲಿ ಎಷ್ಟು ದನಗಳಿವೆ, ಯಾವ ಮನೆಯವರು ಯಾವ ಗುಡ್ಡೆಗೆ ಬಿಡುತ್ತಾರೆ ಎಂಬ ಪಟ್ಟಿ ತಯಾರಿಸಿ. ಜಾಗವಿಲ್ಲದವರ ಹೆಸರನ್ನು ಮೊದಲು ಬರೆಯಿರಿ. ಗೋಮಾಳದ ಸರ್ವೆ ನಂಬ್ರ ಮತ್ತು ವಿಸ್ತೀರ್ಣವನ್ನು ಗ್ರಾಮ ಆಡಳಿತಾಧಿಕಾರಿಯಲ್ಲಿ ಕೇಳಿ ಪಡೆಯಿರಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ ನಡಾವಳಿ ಪುಸ್ತಕದಲ್ಲಿ ದಾಖಲು ಮಾಡಿಸಿರಿ. ಘಟಕದ ಪ್ರಸ್ತಾಪ ಬಂದ ದಿನ ನಿಮ್ಮ ಪರವಾಗಿ ಮಾತನಾಡುವುದು ಆ ಪುಟವೇ.